ಚಳ್ಳಕೆರೆಗೆ ವರ್ಗವಾಗಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನಗೆ ಚಳ್ಳಕೆರೆಗೆ ವರ್ಗವಾಗಿದೆ ಎಂಬ ಸುದ್ದಿಯಿಂದ ನನಗಾದ ಸಂತೋಷ ನಿನಗಾಗಿಲ್ಲವೆಂಬುದು ನಿನ್ನ ಪತ್ರದ ಮೊದಲ ಸಾಲಿನಲ್ಲೇ ತಿಳಿಯಿತು. ತೀರ್ಥಹಳ್ಳಿಯ ಕಡೆಯ ತೋಟದ ಮನೆಯಲ್ಲಿ ಹುಟ್ಟಿ, ತುಂಗೆಯಲ್ಲಿ ಈಜು ಕಲಿತು, ಮಳೆಗಾಲವಿಡೀ ಒಲೆಯ ಮೇಲೆ ಬಟ್ಟೆ ಒಣಗಿಸಿಕೊಂಡು ಬೆಳೆದವನು ನೀನು. "ಅಲ್ಲಿ ನೋಡುವುದಕ್ಕೆ ಏನಿದೆ, ಬದುಕುವುದು ಹೇಗೆ, ಮುಚ್ಚುಮರೆಯಿಲ್ಲದೆ ಹೇಳು" ಎಂದು ನೀನು ಕೇಳಿದ್ದು ಸಹಜವೇ ಆಗಿದೆ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆದರೆ ನನ್ನ ಸೀಮೆಯ ವಿಷಯದಲ್ಲಿ ನನಗೆ ಒಂದೇ ಮನಸ್ಸಿಲ್ಲವೆಂಬುದನ್ನು ಮೊದಲೇ ತಿಳಿಸಬೇಕು. ಊರಿನವರ ನಡುವೆ ಕುಳಿತಾಗ ಊರನ್ನು ಬೈಯುತ್ತೇನೆ, ಹೊರಗಿನವರು ಯಾರಾದರೂ ಬೈದರೆ ಜಗಳಕ್ಕೆ ನಿಲ್ಲುತ್ತೇನೆ, ಎರಡನ್ನೂ ಮನಸಾರೆ ಮಾಡುತ್ತೇನೆ. ಈ ಪತ್ರದಲ್ಲೂ ಬೈಗುಳವಿದೆ, ಹೊಗಳಿಕೆಯಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಓದಬೇಡ.

ಮೊದಲು ಮಳೆಯ ಮಾತು, ಏಕೆಂದರೆ ನಮ್ಮಲ್ಲಿ ಯಾವ ಮಾತು ಎತ್ತಿದರೂ ಅದು ಬಂದು ನಿಲ್ಲುವುದು ಅಲ್ಲಿಗೇ. ನಿನ್ನ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಚಳ್ಳಕೆರೆಯ ಸರಾಸರಿ 500 ಮಿಲಿಮೀಟರಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಮುಂಗಾರಿನ ಮೋಡ ನಿಮ್ಮ ಘಟ್ಟದ ಮೇಲೆಯೇ ಬಹುಪಾಲು ಬರಿದಾಗುತ್ತದೆ, ಉಳಿದದ್ದನ್ನು ಆಷಾಢದ ಗಾಳಿ ನಮ್ಮ ತಲೆಯ ಮೇಲಿಂದ ಆಂಧ್ರದ ಕಡೆಗೆ ಹೊಡೆದುಕೊಂಡು ಹೋಗುತ್ತದೆ. ಹೋಗುವಾಗ ಅದು ಮಾಡುವ ಪಕ್ಷಪಾತ ನೋಡಿದರೆ ನಿನಗೆ ನಗು ಬರುತ್ತದೆ. ರಸ್ತೆಯ ಬಲಗಡೆಯ ಹೊಲದಲ್ಲಿ ಬದು ಒಡೆಯುವಷ್ಟು ನೀರು, ಎಡಗಡೆಯ ಹೊಲದಲ್ಲಿ ಧೂಳು. ಮಾವನ ಹೊಲ ನೆನೆದು ಅಳಿಯನ ಹೊಲ ಒಣಗಿದ್ದಕ್ಕೆ, ಮಾವನೇ ಏನೋ ಕಿತಾಪತಿ ಮಾಡಿದ್ದಾನೆಂದು ಅಳಿಯ ಒಂದು ತಿಂಗಳು ಮಾತು ಬಿಟ್ಟಿದ್ದನ್ನು ನಾನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಇಬ್ಬರು ಎದುರಾದರೆ ಮೊದಲು ಕೇಳುವುದು ಆರೋಗ್ಯವನ್ನಲ್ಲ, "ನಿಮ್ಮ ಕಡೆ ಹದ ಆತೇನಪ್ಪ?" ಎಂಬ ಪ್ರಶ್ನೆಯನ್ನು. ಬಿತ್ತನೆಗೆ ಸಾಕಾಗುವಷ್ಟು ನೆಲ ನೆನೆಸುವ ಮಳೆಗೆ ಹದ ಮಳೆ ಎನ್ನುತ್ತಾರೆ. ನೀನು ಅಲ್ಲಿಗೆ ಹೋದ ಮೊದಲ ವಾರದಲ್ಲೇ ಆ ಮಾತನ್ನು ಬಳಸತೊಡಗುತ್ತೀಯೆ.

ಜೂನ್ ಕೊನೆಗೋ ಜುಲೈನಲ್ಲೋ ಅಂಥದೊಂದು ಹದ ಮಳೆ ಬಿದ್ದರೆ ಸಾಕು, ತಾಲ್ಲೂಕಿಗೆ ತಾಲ್ಲೂಕೇ ಶೇಂಗಾ ಬಿತ್ತನೆಗೆ ಇಳಿಯುತ್ತದೆ. ಅದಕ್ಕೆ ಮುಂಚಿನ ದಿನಗಳಲ್ಲಿ ಮನೆಮನೆಯ ಪಡಸಾಲೆಯಲ್ಲಿ ಬೀಜ ಒಡೆಯುವ ಕೆಲಸ ನಡೆಯುತ್ತದೆ. ಹೆಂಗಸರೂ ಮಕ್ಕಳೂ ರಾಶಿಯ ಸುತ್ತ ಕುಳಿತು, ಕಾಯಿಯ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ, ಒಳಗಿನ ಕೆಂಪು ಸಿಪ್ಪೆ ಹರಿಯದ ಹಾಗೆ, ಬೇಳೆ ಎರಡಾಗಿ ಒಡೆಯದ ಹಾಗೆ ಬೀಜ ಬಿಡಿಸಬೇಕು. ಬೇಳೆ ಒಡೆದ ಬೀಜ ಮೊಳೆಯುವುದಿಲ್ಲ. ಸಂಜೆಯ ಹೊತ್ತಿಗೆ ಎಲ್ಲರ ಹೆಬ್ಬೆರಳೂ ಊದಿಕೊಂಡು ಕೆಂಪಾಗಿರುತ್ತಿತ್ತು. ನಾವು ಬಿತ್ತನೆ ಬೀಜವನ್ನು ಬಾಯಿಗೆ ಹಾಕಿಕೊಳ್ಳಬಾರದೆಂದು ನನ್ನ ಅಜ್ಜಿ ನಮ್ಮಿಂದ ಒಕ್ಕೊರಲಿನಲ್ಲಿ ಮಗ್ಗಿ ಹೇಳಿಸುತ್ತಿದ್ದಳು. ಯಾರ ದನಿ ನಿಂತಿತೋ ಅವರ ಬಾಯಲ್ಲಿ ಶೇಂಗಾ ಇದೆಯೆಂದು ಆಕೆಗೆ ತಲೆಯೆತ್ತದೆಯೇ ಗೊತ್ತಾಗುತ್ತಿತ್ತು. ಹತ್ತೊಂಬತ್ತರ ಮಗ್ಗಿಯನ್ನು ನಮ್ಮ ಓಣಿಯ ಮಕ್ಕಳು ಶಾಲೆಗಿಂತ ಮೊದಲು ಆ ಪಡಸಾಲೆಯಲ್ಲಿ ಕಲಿತೆವು. ಲೆಕ್ಕದ ಮೇಷ್ಟ್ರಿಗೆ ನಮ್ಮ ಓಣಿಯ ಮೇಲೆ ಬಹಳ ಗೌರವವಿತ್ತು.

ನಾವು ಬಿತ್ತುವ ತಳಿಗಳಲ್ಲಿ ಟಿಎಂವಿ-2 ಎಂಬುದೊಂದಿದೆ. ಆಗಿನ ಮದ್ರಾಸ್ ಪ್ರಾಂತ್ಯದ ತಿಂಡಿವನದಿಂದ 1940ರಲ್ಲಿ ಹೊರಬಂದ ಆ ತಳಿಯ ಹಿಂದೆ ಎಷ್ಟೋ ಹೊಸ ತಳಿಗಳು ಬಂದರೂ ನಮ್ಮವರು ಅದನ್ನು ಬಿಟ್ಟುಕೊಡಲಿಲ್ಲ. ಬಿತ್ತಿದ ಸುಮಾರು ನಾಲ್ಕು ವಾರಕ್ಕೆ ಗಿಡದ ತುಂಬ ಹಳದಿ ಹೂವು ಬರುತ್ತದೆ. ಆ ಹೂವು ಬಾಡಿ, ಅದರ ಬುಡದಿಂದ ಹೊರಟ ಎಳೆಯ ಮೊನೆ ಬಾಗಿ ಮಣ್ಣಿನೊಳಕ್ಕೆ ಇಳಿದರೆ ಮಾತ್ರ ಅಲ್ಲಿ ಕಾಯಿ ಕಟ್ಟುತ್ತದೆ. ಇಳಿಯಬೇಕಾದರೆ ನೆಲ ಮೆತ್ತಗಿರಬೇಕು, ಮೆತ್ತಗಿರಬೇಕಾದರೆ ಮಳೆ ಬರಬೇಕು. ನಮ್ಮ ಸೀಮೆಯ ಮಳೆ ಕೈಕೊಡುವುದು ಎಷ್ಟೋ ವರ್ಷ ಸರಿಯಾಗಿ ಆ ಎರಡು ಮೂರು ವಾರಗಳಲ್ಲೇ. ಆಗ ಗಿಡ ಹಸಿರಾಗಿಯೇ ನಿಂತಿರುತ್ತದೆ, ಕಿತ್ತು ನೋಡಿದರೆ ಬೇರಿನಲ್ಲಿ ಏನೂ ಇರುವುದಿಲ್ಲ. ಬಳ್ಳಿಯನ್ನು ದನಕ್ಕೆ ಹಾಕಿ, ಬೀಜಕ್ಕೆಂದು ಒತ್ತೆಯಿಟ್ಟ ಓಲೆಯನ್ನು ಬಿಡಿಸಿಕೊಳ್ಳಲಾಗದೆ, ಮುಂದಿನ ವರ್ಷ ಅದೇ ಹೊಲಕ್ಕೆ ಅದೇ ಬೀಜವನ್ನು ಮತ್ತೆ ಬಿತ್ತುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ನವಣೆಯನ್ನೋ ಸಜ್ಜೆಯನ್ನೋ ಬಿತ್ತಿದರೆ ಅರ್ಧ ಮಳೆಗಾದರೂ ಕಾಳು ಕೊಡುತ್ತದೆ ಎಂದು ಅಪ್ಪನ ಜೊತೆ ನಾನು ಪ್ರತಿ ಮುಂಗಾರಿನಲ್ಲೂ ವಾದಿಸುತ್ತಿದ್ದೆ. "ನವಣೆ ಬೆಳೆದ್ರೆ ಹೊಟ್ಟೆ ತುಂಬ್ತದೆ ಕಣಪ್ಪ, ಶೇಂಗಾ ಬೆಳೆದ್ರೆ ಸಾಲ ತೀರ್ತದೆ" ಎಂದು ಅಪ್ಪ ಕೂರಿಗೆ ಹೂಡಲು ಎದ್ದು ಹೋಗುತ್ತಿದ್ದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಸಾಲ ಶೇಂಗಾದಿಂದಲೇ ಆದದ್ದೆಂಬುದೂ ಸುಳ್ಳಲ್ಲ.

ಈ ಶೇಂಗಾದಿಂದಲೇ ಚಳ್ಳಕೆರೆ ಪಟ್ಟಣಕ್ಕೆ ಎಣ್ಣೆ ಗಿರಣಿಗಳು ಬಂದವು, ಎಣ್ಣೆಯ ವ್ಯಾಪಾರ ಬೆಳೆದು ಜನ ಅದನ್ನು "ಎರಡನೇ ಬಾಂಬೆ" ಎಂದು ಕರೆದರು. ನಾನು ಚಿಕ್ಕವನಿದ್ದಾಗ ಪಟ್ಟಣ ಬಂತೆಂಬುದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಬಿಸಿ ಎಣ್ಣೆ ಮತ್ತು ಹಿಂಡಿಯ ವಾಸನೆ ಬಸ್ಸಿನ ಕಿಟಕಿಯಿಂದ ಒಳಕ್ಕೆ ಬರುತ್ತಿತ್ತು. 1990ರ ದಶಕದಲ್ಲಿ ತಾಳೆಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಗಿರಣಿಗಳು ಒಂದೊಂದಾಗಿ ಸೊರಗಿದವು. ಈಗಲೂ ಕೆಲವು ನಡೆಯುತ್ತಿವೆ, ಹೆಸರೂ ಉಳಿದಿದೆ. ಯಾರಾದರೂ ನಿನ್ನ ಮುಂದೆ "ನಮ್ಮದು ಎರಡನೇ ಬಾಂಬೆ ಸಾರ್" ಎಂದರೆ ನಗಬೇಡ. ಅವರ ಅಪ್ಪನೋ ಅಜ್ಜನೋ ಅಲ್ಲಿ ಮೂಟೆ ಹೊತ್ತಿರುತ್ತಾನೆ.

ನಗಬೇಕಾದ ಸಂಗತಿಗಳು ಬೇಕಾದಷ್ಟಿವೆ. ಮಳೆ ಬಾರದ ವರ್ಷ ಕತ್ತೆಗಳಿಗೆ ಮದುವೆ ಮಾಡುವುದು ನಮ್ಮ ಕಡೆಯ ರೂಢಿ. ನಮ್ಮೂರಿನಲ್ಲಿ ಒಂದು ವರ್ಷ ಅದನ್ನು ಯಾವ ಕೊರತೆಯೂ ಇಲ್ಲದೆ ನಡೆಸಲು ಹಿರಿಯರು ನಿಶ್ಚಯಿಸಿದರು. ಹಂದರ ಹಾಕಿದರು, ಅರಿಶಿನ ಹಚ್ಚಿದರು, ಗಂಡಿಗೆ ಬಾಸಿಂಗ ಕಟ್ಟಿದರು, ಹೆಣ್ಣಿನ ಕಡೆಯವರೆಂದು ಮೇಲಿನ ಕೇರಿ, ಗಂಡಿನ ಕಡೆಯವರೆಂದು ಕೆಳಗಿನ ಕೇರಿ ಬೀಗರಾಗಿ ನಿಂತರು. ಬೀಗರೆಂದ ಮೇಲೆ ಬಿಗುಮಾನ ಇರಲೇಬೇಕಲ್ಲವೇ? ಕೆಳಗಿನ ಕೇರಿಯವರಿಗೆ ಎರಡನೇ ಪಂಕ್ತಿಯಲ್ಲಿ ಚಿತ್ರಾನ್ನ ಕಡಿಮೆಯಾಯಿತೆಂದು ಮಾತಿಗೆ ಮಾತು ಬೆಳೆದು, ಆ ಗದ್ದಲಕ್ಕೆ ಬೆದರಿದ ಮದುಮಗ ಬಾಸಿಂಗದ ಸಮೇತ ಹಗ್ಗ ಕಿತ್ತುಕೊಂಡು ಓಡಿ ಪಕ್ಕದ ಊರು ಸೇರಿತು. ಆ ವಾರ ಮಳೆ ಬಿದ್ದದ್ದು ಪಕ್ಕದ ಊರಿಗೆ. ನಮ್ಮ ಹಿರಿಯರು ಹೋಗಿ, ಖರ್ಚು ನಮ್ಮದು, ಮಳೆ ನಿಮ್ಮದು, ಇದು ನ್ಯಾಯವೇ ಎಂದು ಕಟ್ಟೆಯ ಮೇಲೆ ಕುಳಿತು ಕೇಳಿದರು. ಪಕ್ಕದ ಊರಿನವರು ಒಂದಿಷ್ಟೂ ನಗದೆ, ತಮ್ಮಲ್ಲೇ ಮಾತಾಡಿಕೊಂಡು, ನ್ಯಾಯವಲ್ಲವೆಂದು ಒಪ್ಪಿ, ಸುಗ್ಗಿಯಾದ ಮೇಲೆ ಒಂದು ಚೀಲ ರಾಗಿಯನ್ನು ಗಾಡಿಯಲ್ಲಿ ಕಳಿಸಿಕೊಟ್ಟರು. ಈ ಜನರನ್ನು ಮೂಢರೆಂದು ಯಾರಾದರೂ ಕರೆದರೆ ನನಗೆ ಆ ರಾಗಿಯ ಚೀಲ ನೆನಪಾಗುತ್ತದೆ.

ಮಳೆಗಾಗಿ ಇಷ್ಟು ಕಾಯುವ ಜನ ನೀರು ಕಂಡಾಗ ಹೇಗಿರುತ್ತಾರೆಂಬುದನ್ನು ನೀನು 2022ರ ಸೆಪ್ಟೆಂಬರಿನಲ್ಲಿ ನೋಡಬೇಕಿತ್ತು. ಹಿರಿಯೂರಿನ ಬಳಿ, ಎರಡು ಗುಡ್ಡಗಳ ನಡುವಿನ ಮಾರಿಕಣಿವೆಯಲ್ಲಿ, ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ ಆ ಅಣೆಕಟ್ಟು ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುತ್ತದೆ. 130 ಅಡಿಗೆ ನೀರು ನಿಂತರೆ ಕೋಡಿ ಬೀಳುತ್ತದೆ. ಅದು ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಅದು ಮತ್ತೆ ತುಂಬಲಿಲ್ಲ. "ಮಾರಿಕಣಿವೆ ಕೋಡಿ ಬಿದ್ದ ವರ್ಷ" ಎಂಬುದು ನಮ್ಮ ಮನೆಗಳಲ್ಲಿ ಅಜ್ಜಂದಿರ ವಯಸ್ಸು ಲೆಕ್ಕ ಹಾಕುವ ಮಾತಾಗಿತ್ತು. ಸಾಲ ತೀರಿಸದವನಿಗೆ, ಮದುವೆಯಾಗದವನಿಗೆ, ಮಾತು ಕೊಟ್ಟು ಮರೆತವನಿಗೆ "ಮಾರಿಕಣಿವೆ ಕೋಡಿ ಬಿದ್ದಾಗ ನೋಡೋಣ" ಎಂದು ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. 2022ರಲ್ಲಿ ಅದು ನಿಜವಾಗಿಯೂ ಕೋಡಿ ಬಿದ್ದಿತು. ಬುತ್ತಿ ಕಟ್ಟಿಕೊಂಡು, ಟ್ರ್ಯಾಕ್ಟರ್, ಬೈಕು, ಸಿಕ್ಕಿದ ಟೆಂಪೊ ಹತ್ತಿ ಊರಿಗೆ ಊರೇ ಹೊರಟಿತು. ಅಣೆಕಟ್ಟಿನ ದಾರಿಯಲ್ಲಿ ಮೈಲುಗಟ್ಟಲೆ ವಾಹನಗಳು ನಿಂತವು. ನಾನೂ ಬೆಂಗಳೂರಿನಿಂದ ರಜೆ ಹಾಕಿ ಹೋದೆ. ಬಿಳಿ ನೊರೆಯಾಗಿ ಇಳಿಯುವ ಆ ನೀರಿನ ಮುಂದೆ ಒಬ್ಬ ಮುದುಕಿ ಸೆರಗಿನ ಗಂಟು ಬಿಚ್ಚಿ, ಅರಿಶಿನ ಕುಂಕುಮ ಹಾಕಿ, ಒಂದು ಕುಪ್ಪಸದ ಬಟ್ಟೆಯನ್ನು ತೇಲಿಬಿಟ್ಟು, "ನಮ್ಮವ್ವ ನೋಡಿದ್ಲಂತೆ, ನಾನೂ ನೋಡಿದೆ, ಇನ್ ಸಾಕು" ಎಂದಳು. ದೊಡ್ಡಪ್ಪ ಮಾತ್ರ ಮರುದಿನದಿಂದ ಬಹಳ ಪೇಚಿಗೆ ಸಿಕ್ಕಿದರು, ಏಕೆಂದರೆ ಕೋಡಿ ಬಿದ್ದಾಗ ನೋಡೋಣ ಎಂದು ಅವರು ಹೇಳಿದ್ದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ತಮಾಷೆಗೆ ಬಂದವರಿಗೂ ಅವರು ಕಾಫಿ ಕೊಟ್ಟು, ಕೊಟ್ಟ ಮಾತಿನಲ್ಲಿ ಉಳಿದದ್ದನ್ನು ನಡೆಸಿಕೊಟ್ಟರು. 2025ರ ಜನವರಿಯಲ್ಲಿ ಅದು ಮತ್ತೆ ಕೋಡಿ ಬಿದ್ದಾಗ ಅವರು ಯಾರಿಗೂ ಯಾವ ಮಾತನ್ನೂ ಕೊಟ್ಟಿರಲಿಲ್ಲ.

ಇದರಲ್ಲಿ ನಿನ್ನ ಊರಿನ ಪಾಲೂ ಇದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.4 ಟಿಎಂಸಿ ಅಡಿ ನೀರನ್ನು ಭದ್ರೆಗೆ ಎತ್ತಿ, ಅಲ್ಲಿಂದ ಒಟ್ಟು 29.9 ಟಿಎಂಸಿ ಅಡಿಯನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ನಮ್ಮ ಬಯಲಿಗೆ ಹರಿಸಬೇಕೆಂದಿದೆ. 2019ರಿಂದ ಭದ್ರೆಯ ನೀರು ಒಂದಿಷ್ಟು ವಾಣಿವಿಲಾಸಕ್ಕೆ ಬಂದು ಸೇರುತ್ತಿದೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾದ ದಿನ ನಮ್ಮೂರಿನ ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಪುಕ್ಕಟೆ ಸಿಕ್ಕಿತು. ಕಾಲುವೆಯ ನೀರು ಹೊಲಕ್ಕೆ ಬರುವುದನ್ನು ನನ್ನ ತಾಲ್ಲೂಕಿನ ರೈತ ಇನ್ನೂ ಕಾಯುತ್ತಲೇ ಇದ್ದಾನೆ, ಮತ್ತು ಈ ವಿಷಯದಲ್ಲಿ ನನಗೆ ಯಾವ ಸಮಾಧಾನದ ಮಾತೂ ತೋಚುವುದಿಲ್ಲ. ನೀನು ಈಜು ಕಲಿತ ನೀರಿನ ಒಂದು ಪಾಲಿಗೆ ನಮ್ಮ ಜನ ದಶಕಗಳ ಕಾಲ ಧರಣಿ ಕುಳಿತರೆಂಬುದು ಮಾತ್ರ ನಿನಗೆ ಗೊತ್ತಿರಲಿ.

ಹಾಗೆಂದು ಇದ್ದ ನೀರನ್ನಾದರೂ ನಮ್ಮವರು ಕಾಪಾಡಿಕೊಂಡರೇ ಎಂದು ಕೇಳಿದರೆ ನನಗೆ ಉತ್ತರ ಕೊಡುವುದು ಕಷ್ಟ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರು ಊರಿನ ಸುತ್ತ ಐದು ಕೆರೆ ಕಟ್ಟಿಸಿದರೆಂಬ ಪ್ರತೀತಿಯಿದೆ. "ಮಾಡಿದಷ್ಟು ನೀಡು ಭಿಕ್ಷೆ" ಎಂಬುದು ಅವರ ಮಾತೆಂದು ನಮ್ಮಲ್ಲಿ ಹಸುಳೆಗೂ ಗೊತ್ತು. ಅವರ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ, ಗುಡ್ಡದಷ್ಟು ಕೊಬ್ಬರಿಯನ್ನು ಬೆಂಕಿಗೆ ಹಾಕುತ್ತಾರೆ, ತೇರಿನ ಮುಕ್ತಿ ಬಾವುಟದ ಹರಾಜು ಲಕ್ಷಗಳಲ್ಲಿ ನಡೆಯುತ್ತದೆ. ಕೆರೆ ಕಟ್ಟಿಸಿದ ಸ್ವಾಮಿಗೆ ಇಷ್ಟು ಭಕ್ತಿಯಿಂದ ನಡೆದುಕೊಳ್ಳುವ ಜನವೇ ತಮ್ಮ ತಮ್ಮ ಊರಿನ ಕೆರೆಯಂಗಳವನ್ನು ಬಳ್ಳಾರಿ ಜಾಲಿಗೆ ಬಿಟ್ಟುಕೊಟ್ಟಿದ್ದಾರೆ. ಆ ಮುಳ್ಳಿನ ಮೆಳೆ ಏರಿಯನ್ನೂ ತೂಬನ್ನೂ ನುಂಗಿ ಬೆಳೆದಿರುವುದನ್ನು ನೀನು ಬಸ್ಸಿನಿಂದಲೇ ನೋಡುತ್ತೀಯೆ. ಕೆರೆ ಒಣಗಿದ ಮೇಲೆ ಬೋರ್‌ವೆಲ್ ಬಂದವು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುವವರು ತೋರಿಸಿದ ಜಾಗದಲ್ಲಿ ಕೊರೆಸುತ್ತ ಕೊರೆಸುತ್ತ ನಮ್ಮ ಚಿಕ್ಕಪ್ಪ ಎರಡು ಎಕರೆ ಕಳೆದುಕೊಂಡರು. ಕೊನೆಯ ಬಾವಿಯಲ್ಲಿ ಮೇಲೆ ಬಂದದ್ದು ಬಿಳಿಯ ಕಲ್ಲುಪುಡಿ ಮಾತ್ರ. ಆಳಕ್ಕೆ ಹೋದಷ್ಟೂ ಫ್ಲೋರೈಡ್ ಇರುವ ನೀರು ಸಿಗುತ್ತದೆ. ನನ್ನ ತರಗತಿಯ ಫೋಟೊದಲ್ಲಿ ಬಾಯಿ ಬಿಟ್ಟು ನಕ್ಕ ಹುಡುಗರ ಹಲ್ಲುಗಳ ಮೇಲಿನ ಕಂದು ಗೆರೆಗಳು ಇವತ್ತಿಗೂ ಕಾಣುತ್ತವೆ. ಈಗ ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ, ಕಾಯಿನ್ ಹಾಕಿದರೆ ಒಂದು ಕ್ಯಾನ್ ನೀರು ಸಿಗುತ್ತದೆ. ಕುಡಿಯುವುದಕ್ಕೂ ಅಡುಗೆಗೂ ಅದನ್ನೇ ಬಳಸು, ಇದರಲ್ಲಿ ಆಲಸ್ಯ ಮಾಡಬೇಡ.

ನೋಡುವುದಕ್ಕೆ ಏನಿದೆ ಎಂದೆಯಲ್ಲ, ಹುಲ್ಲುಗಾವಲು ಇದೆ. ನಾಲ್ಕು ದಿಕ್ಕಿಗೂ ಆಕಾಶ ನೆಲ ಮುಟ್ಟುವುದು ಕಾಣುವ ಜಾಗ ನಿನ್ನ ಮಲೆನಾಡಿನಲ್ಲಿ ಇಲ್ಲ. ಮೈಸೂರು ಅರಸರ ಅಮೃತಮಹಲ್ ದನಗಳಿಗೆಂದು ಬಿಟ್ಟಿದ್ದ ಕಾವಲುಗಳು ಇವು. ಕೃಷ್ಣಮೃಗಗಳು ಇಲ್ಲಿ ಮೇಯುತ್ತವೆ, ಸುತ್ತಲಿನ ಹಳ್ಳಿಗಳ ಕುರಿಗಳು ಇಲ್ಲೇ ಮೇಯುತ್ತಿದ್ದವು. ಆ ಕುರಿಗಳ ಉಣ್ಣೆಯಿಂದ ದೊಡ್ಡಉಳ್ಳಾರ್ತಿಯಂಥ ಊರುಗಳಲ್ಲಿ ಕಂಬಳಿ ನೇಯುತ್ತಾರೆ. ಹುಣಸೆಬೀಜದ ಗಂಜಿ ಹಾಕಿದ ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ, ಹೊದ್ದರೆ ಚುಚ್ಚುತ್ತದೆ, ಎರಡು ವರ್ಷ ಹೊದ್ದ ಮೇಲೆ ಮಾತು ಕೇಳುತ್ತದೆ. ಈ ಕಾವಲುಗಳಲ್ಲಿ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಉಳಿದದ್ದರಲ್ಲಿ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ. ಗೋಡೆ ಎದ್ದಾಗ ಕುರಿಗಾಹಿಗಳು ಬೀದಿಗಿಳಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ನನ್ನ ಮನಸ್ಸು ಅತ್ಯಂತ ಹೆಚ್ಚು ಇಬ್ಭಾಗವಾಗಿರುವುದು ಇಲ್ಲಿ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಸ್ರೊದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ನಾಲ್ಕೂವರೆ ಕಿಲೊಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ಯಾರ ಕೈಯ ಸಹಾಯವೂ ಇಲ್ಲದೆ ತಾನೇ ದಾರಿ ಹಿಡಿದು 7 ಗಂಟೆ 40 ನಿಮಿಷಕ್ಕೆ ನಮ್ಮ ಕಾವಲಿನ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಅದರ ಮುಂದಿನ ರೂಪವಾದ ಪುಷ್ಪಕ್ ಇಳಿದದ್ದೂ ಅಲ್ಲೇ. ಟಿ.ವಿ.ಯಲ್ಲಿ ಅದನ್ನು ನೋಡಿ ನನ್ನ ಎದೆ ಉಬ್ಬಿತು, ಕಣ್ಣೀರೂ ಬಂತು. ಊರಿಗೆ ಫೋನು ಮಾಡಿ ಸಂಭ್ರಮದಿಂದ ಹೇಳಿದರೆ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, "ಆಕಾಶದಾಗಿಂದ ಬಂದಿದ್ದು ಟೈಮಿಗೆ ಸರಿಯಾಗಿ ಇಳೀತು, ಸರಿ. ದುರ್ಗದಿಂದ ಬರೋ ಸಂಜೆ ಬಸ್ಸಿಗೆ ಏನ್ ರೋಗ ಬಂದೈತೆ, ಅದನ್ನೂ ಒಂಚೂರು ಅವರಿಗೇ ಕೇಳು" ಎಂದರು. ಅತ್ತೆಯ ಕುರಿಗಳು ಮೇಯುತ್ತಿದ್ದದ್ದು ಅದೇ ಕಾವಲಿನಲ್ಲಿ. ಈಗ ಅವರ ಮನೆಯಲ್ಲಿ ಕುರಿ ಇಲ್ಲ. ವಿಜ್ಞಾನಿಗಳ ಮೇಲೆ ನನಗಿರುವ ಹೆಮ್ಮೆಯೂ ಅತ್ತೆಯ ಖಾಲಿ ರೊಪ್ಪವನ್ನು ನೋಡಿದಾಗ ಆಗುವ ಸಂಕಟವೂ ಒಂದನ್ನೊಂದು ಅಳಿಸುವುದಿಲ್ಲ. ಅಳಿಸಬೇಕೆಂದು ನಾನು ಬಯಸುವುದೂ ಇಲ್ಲ.

ಜಾತ್ರೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನೀನೇ ಹೋಗಬೇಕು. ಚನ್ನಮ್ಮನಾಗತಿಹಳ್ಳಿಯ ಬಳಿ ಕಾಡುಗೊಲ್ಲರು ಕ್ಯಾತಪ್ಪನಿಗೆ ಬಾರೆಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ, ಅವರ ಹುಡುಗರು ಬರಿಗಾಲಿನಲ್ಲಿ ಆ ಮುಳ್ಳನ್ನು ತುಳಿದು ಏರಿ ತುದಿಯ ಕಳಶ ಇಳಿಸುತ್ತಾರೆ. ಅದನ್ನು ನೋಡುವಾಗ ಉಸಿರು ಹಿಡಿದುಕೊಂಡದ್ದು ನಿನಗೇ ತಿಳಿಯುವುದಿಲ್ಲ. ಗೌರಸಮುದ್ರದ ಮಾರಮ್ಮನಿಗೆ ಈರುಳ್ಳಿ ಬೆಳೆದವರು ಹರಕೆಯ ಈರುಳ್ಳಿಯನ್ನು ತೂರುತ್ತಾರೆ. ಕಿಲೊಗೆ ನೂರು ರೂಪಾಯಿ ಇದ್ದ ವರ್ಷವೂ ತೂರುವುದು ಕಡಿಮೆಯಾಗಲಿಲ್ಲ, ತಲೆಗೆ ಬಿದ್ದ ಈರುಳ್ಳಿಯನ್ನು ಜೇಬಿಗೆ ಹಾಕಿಕೊಂಡವರೂ ಕಡಿಮೆಯಿರಲಿಲ್ಲ. ಮ್ಯಾಸ ನಾಯಕ ಸಮುದಾಯದವರ ದೇವರ ಎತ್ತುಗಳನ್ನು ನೀನು ದಾರಿಯಲ್ಲಿ ನೋಡುತ್ತೀಯೆ. ಅವುಗಳ ಹೆಗಲಿಗೆ ಯಾರೂ ನೊಗವಿಡುವುದಿಲ್ಲ, ಕಿಲಾರಿ ಎಂಬವನು ಅವುಗಳ ಹಿಂದೆಯೇ ಬದುಕುತ್ತಾನೆ. ಅವು ರಸ್ತೆಗೆ ಬಂದರೆ ಬಸ್ಸು ನಿಲ್ಲುತ್ತದೆ. ಬರಗಾಲದಲ್ಲಿ ತಮ್ಮ ದನಕ್ಕೇ ಮೇವಿಲ್ಲದವರು ಆ ಎತ್ತುಗಳಿಗೆ ಒಂದು ಹೊರೆ ಸೊಪ್ಪೆ ಎತ್ತಿಡುವುದನ್ನು ನೋಡಿದ ಮೇಲೆ, ನಿಂತ ಬಸ್ಸಿನ ಬಗ್ಗೆ ನಾನು ದೂರುವುದನ್ನು ಬಿಟ್ಟಿದ್ದೇನೆ. ನಿನಗೆ ಸಾಹಿತ್ಯದ ಹುಚ್ಚಿರುವುದರಿಂದ ಇದನ್ನೂ ಸೇರಿಸುತ್ತೇನೆ: ತ.ರಾ.ಸು. ಮತ್ತು ತ.ಸು. ವೆಂಕಣ್ಣಯ್ಯನವರ ಹೆಸರಿನ ಮೊದಲಲ್ಲಿರುವ 'ತ' ನಮ್ಮ ತಾಲ್ಲೂಕಿನ ತಳುಕು ಎಂಬ ಊರು.

ಇನ್ನು ಊಟ. ನಮ್ಮವರು ಮಾತಿನಲ್ಲಿ ಒರಟು. ನೀವು ಹತ್ತು ವಾಕ್ಯದಲ್ಲಿ ಹೇಳುವ ಉಪಚಾರವನ್ನು "ಉಣ್ಣು" ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದನ್ನು ಗದರಿಕೆಯೆಂದು ತಿಳಿಯಬೇಡ. ರಾಗಿ ಮುದ್ದೆ, ಹುಳ್ಳಿಕಾಳಿನ ಸಾರು ಬಡಿಸುತ್ತಾರೆ. ಮುದ್ದೆಯನ್ನು ಅಗಿಯಬಾರದು, ಮುರಿದು ಸಾರಿನಲ್ಲಿ ಹೊರಳಿಸಿ ನುಂಗಬೇಕು. ನೀನು ಅಗಿಯುವುದನ್ನು ಕಂಡರೆ ಮನೆಯವರೆಲ್ಲ ಸುತ್ತ ಕುಳಿತು ಕಲಿಸತೊಡಗುತ್ತಾರೆ, ಕಲಿಯುವವರೆಗೆ ಎಲೆ ಬಿಟ್ಟು ಏಳಲು ಬಿಡುವುದಿಲ್ಲ, ಮತ್ತು ಅಷ್ಟು ಹೊತ್ತಿಗೆ ಎರಡನೇ ಮುದ್ದೆ ಬಂದಿರುತ್ತದೆ. ನಮ್ಮ ಮನೆಗೆ ಮೊದಲ ಸಲ ಬಂದ ನನ್ನ ಭಾವ ಮಂಗಳೂರಿನ ಕಡೆಯವರು. ಅವರು ಬೇಡವೆಂದು ಕೈ ಅಡ್ಡ ಹಿಡಿದಾಗ ಅಮ್ಮ ಬಿಸಿ ಮುದ್ದೆಯನ್ನು ಆ ಕೈಯ ಮೇಲೆಯೇ ಇಟ್ಟರು. ಸಂಜೆ ಪಟ್ಟಣದಲ್ಲಿ ಮಂಡಕ್ಕಿ ಮೆಣಸಿನಕಾಯಿ ಸಿಗುತ್ತದೆ. ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ, ಯಾವ ಎರಡನೇ ಮನಸ್ಸೂ ಇಲ್ಲ.

ಕೊನೆಯದಾಗಿ ಕೆಲವು ಕೆಲಸದ ಮಾತುಗಳು. ಮನೆ ಬಾಡಿಗೆಗೆ ನೋಡುವಾಗ ಗಾಳಿ ಬೆಳಕು ಆಮೇಲೆ ವಿಚಾರಿಸು, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ದೊಡ್ಡದು ಎಂದು ಮೊದಲು ಕೇಳು. ಕೊಡೆ ಬೇಡವೆಂದು ಯಾರಾದರೂ ಹೇಳಿದರೆ ನಂಬಬೇಡ, ಏಪ್ರಿಲ್ ಬಿಸಿಲಿಗೆ ಅದು ಬೇಕೇ ಬೇಕು. ಅರ್ಧ ಮಾತು ತೆಲುಗಿನಲ್ಲಿ ಕೇಳಿಸಿದರೆ ಗಾಬರಿಯಾಗಬೇಡ, ಆಂಧ್ರದ ಗಡಿ ಹತ್ತಿರವಿರುವುದರಿಂದ ಸಂತೆಯಲ್ಲಿ ಎರಡೂ ನಡೆಯುತ್ತವೆ. ಶಿವಮೊಗ್ಗದಿಂದ ಚಿತ್ರದುರ್ಗಕ್ಕೆ ಬಂದು ಬಸ್ಸು ಬದಲಿಸಬೇಕು. ಅಲ್ಲಿಂದ ಚಳ್ಳಕೆರೆ ಸುಮಾರು 30 ಕಿಲೊಮೀಟರ್. ಸಂಜೆಯ ಬಸ್ಸನ್ನು ನಂಬಿಕೊಳ್ಳದೆ ಮಧ್ಯಾಹ್ನವೇ ಹೊರಡು. ಸೇರಿಕೊಳ್ಳುವ ದಿನಾಂಕ ಗೊತ್ತಾದ ಕೂಡಲೇ ತಿಳಿಸು, ಆ ವಾರದ ಶನಿವಾರ ನಾನು ಬೆಂಗಳೂರಿನಿಂದ ಬಂದು ನಿನ್ನನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ. ನೀನು ಬರುವ ವಿಷಯ ಅಮ್ಮನಿಗೆ ಹೇಳಿದ್ದೇನೆ. ರಾಗಿ ಹಿಟ್ಟು ಬೀಸಿಸಲು ಕಳಿಸಿಯೂ ಆಗಿದೆ.

ಇಂತಿ ನಿನ್ನ ಗೆಳೆಯ